ಕಾಕ್‌ಪಿಟ್‌ನಲ್ಲಿ ಕೇಳಿಸಿದ ಗೊರಕೆ

2010ರ ಮೇ 22, ಶನಿವಾರ. ನಾನಾಗ ಎಂಜಿನಿಯರಿಂಗ್ ವಿದ್ಯಾರ್ಥಿ. ಪರೀಕ್ಷೆ ಹತ್ತಿರ ಬಂದಿತ್ತು. ಹಾಸ್ಟೆಲ್‌ನಲ್ಲಿ ನಮ್ಮದೆಲ್ಲ ‘ನೈಟ್ ಔಟ್’ ಸಂಸ್ಕೃತಿ. ಬೆಳಗಿನ ಜಾವ ನಾಲ್ಕಕ್ಕೆ ಮಲಗಿದವನು ಎದ್ದು ಕಣ್ಣುಜ್ಜುತ್ತಾ ಮೆಸ್‌ಗೆ ಬಂದರೆ ತಟ್ಟೆ ಹಿಡಿದವರೆಲ್ಲ ಟಿವಿ ಮುಂದೆ ನಿಂತುಬಿಟ್ಟಿದ್ದಾರೆ. ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯುತ್ತಿತ್ತು. ವಿಮಾನದಲ್ಲಿದ್ದವರು 166 ಜನ. ಸತ್ತವರು 158. ಬದುಕಿದ್ದು ಎಂಟೇ ಎಂಟು ಮಂದಿ.

ಆ ದಿನ ನಾವೆಲ್ಲ ಮಾತಾಡಿದ್ದು ಟೇಬಲ್ ಟಾಪ್ ರನ್‌ವೇ ಬಗ್ಗೆ. ಗುಡ್ಡದ ತಲೆ ಕತ್ತರಿಸಿ ಮಾಡಿದ ನಿಲ್ದಾಣ, ಮೂರು ಕಡೆ ಇಳಿಜಾರು, ಸ್ವಲ್ಪ ಹೆಚ್ಚುಕಮ್ಮಿಯಾದರೂ ಉಳಿಗಾಲವಿಲ್ಲ ಅಂತ. ಎಂಜಿನಿಯರಿಂಗ್ ಹುಡುಗರಲ್ವಾ, ಒಬ್ಬ ಪೇಪರ್ ಮೇಲೆ ವೇಗ, ದೂರ ಎಲ್ಲ ಲೆಕ್ಕ ಹಾಕಿ ತೋರಿಸಿದ್ದ. ಆದರೆ ಆ ಲೆಕ್ಕದಲ್ಲಿ ನಾವ್ಯಾರೂ ಸೇರಿಸದ ಒಂದು ಸಂಗತಿ ಇತ್ತು ಅಂತ ಗೊತ್ತಾಗಿದ್ದು ವರ್ಷಗಳ ಮೇಲೆ, ಪತ್ರಕರ್ತನಾಗಿ ಆ ತನಿಖಾ ವರದಿಯನ್ನ ಕೂತು ಓದಿದಾಗ. ವಿಮಾನದ ಧ್ವನಿಮುದ್ರಣ ಯಂತ್ರದಲ್ಲಿ, ಅಂದರೆ ನಾವು ಬ್ಲ್ಯಾಕ್ ಬಾಕ್ಸ್ ಅಂತೀವಲ್ಲ ಅದರಲ್ಲಿ, ದಾಖಲಾಗಿದ್ದು ಎರಡು ಗಂಟೆ ಐದು ನಿಮಿಷ. ಅದರಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಧ್ವನಿಯೇ ಇಲ್ಲ. ಕೇಳಿಸೋದು ಭಾರವಾದ ಉಸಿರು. ಗೊರಕೆ.

ಆ ವಿಷಯಕ್ಕೆ ಆಮೇಲೆ ಬರ್ತೀನಿ. ಅದು ಅರ್ಥವಾಗಬೇಕು ಅಂದ್ರೆ ಮೊದಲು ನ್ಯೂಯಾರ್ಕಿಗೆ ಹೋಗಬೇಕು. ನನ್ನದೇ ಕಸುಬಿನವನೊಬ್ಬನನ್ನು ಭೇಟಿ ಮಾಡಬೇಕು.

ನಿದ್ದೆ ಗೆಲ್ಲೋದು ಅಂದ್ರೆ ಮನುಷ್ಯನಿಗೆ ಮೊದಲಿನಿಂದಲೂ ದೊಡ್ಡ ಸಾಧನೆ. ನಮ್ಮಲ್ಲೇ ನೋಡಿ, ಅರ್ಜುನನಿಗೆ ಗುಡಾಕೇಶ ಅಂತ ಹೆಸರು. ಗುಡಾಕ ಅಂದ್ರೆ ನಿದ್ದೆ, ಅದನ್ನು ಆಳಿದವನು ಗುಡಾಕೇಶ. ಹದಿನಾಲ್ಕು ವರ್ಷ ರೆಪ್ಪೆ ಮುಚ್ಚದೆ ಅಣ್ಣನನ್ನು ಕಾದ ಲಕ್ಷ್ಮಣನ ಕಥೆ ಇದೆ. ಅದೇ ನಿದ್ದೆ ಮಾಡಿದವನು? ಕುಂಭಕರ್ಣ. ರಾಕ್ಷಸ! ಮನೆಯಲ್ಲಿ ಎಂಟು ಗಂಟೆಗೆ ಏಳುವ ಹುಡುಗನಿಗೆ ಬೀಳುವ ಬೈಗುಳ. ಈ ಪಕ್ಷಪಾತ ನಮ್ಮಲ್ಲಿ ಮಾತ್ರ ಅಂದುಕೋಬೇಡಿ. ಬಲ್ಬು ಕೊಟ್ಟ ಎಡಿಸನ್ ಕೂಡ ನಿದ್ದೆ ಅಂದ್ರೆ ಕಾಲಹರಣ ಅಂತಲೇ ಹೇಳಿಕೊಂಡು ತಿರುಗಿದವನು.

1959ರ ಜನವರಿ. ಪೀಟರ್ ಟ್ರಿಪ್ ಅಂತ ನ್ಯೂಯಾರ್ಕಿನ ರೇಡಿಯೋ ನಿರೂಪಕ. ಹಾಡು ಹಾಕಿ, ಪಟಪಟ ಮಾತಾಡಿ ಜನರನ್ನು ಹಿಡಿದಿಡೋ ಮನುಷ್ಯ. ಈತ ಟೈಮ್ಸ್ ಸ್ಕ್ವೇರ್‌ನ ನಡುಮಧ್ಯೆ ಒಂದು ಗಾಜಿನ ಗೂಡಿನೊಳಗೆ ಕೂತುಕೊಂಡ. ಉದ್ದೇಶ ಒಳ್ಳೇದೇ, ‘ಮಾರ್ಚ್ ಆಫ್ ಡೈಮ್ಸ್’ ಅನ್ನೋ ಸೇವಾಸಂಸ್ಥೆಗೆ ಹಣ ಕೂಡಿಸೋದು. ಪಣ ಏನು? 200 ಗಂಟೆ ನಿದ್ದೆ ಮಾಡೋದಿಲ್ಲ. ದಿನವೂ ಅಲ್ಲಿಂದಲೇ ಕಾರ್ಯಕ್ರಮ. ಬೀದಿಯಲ್ಲಿ ಹೋಗೋರೆಲ್ಲ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಎದುರಿನ ಹೋಟೆಲ್ ಕೋಣೆಯಲ್ಲಿ ವೈದ್ಯರು, ಮನೋವಿಜ್ಞಾನಿಗಳು ಪ್ರಯೋಗಾಲಯವನ್ನೇ ಹೂಡಿದ್ದರು. ಆಗ ಟಿಆರ್‌ಪಿ ಅನ್ನೋ ಪದ ಇರಲಿಲ್ಲ, ಅಷ್ಟೇ. ಉಳಿದದ್ದೆಲ್ಲ ಇತ್ತು.

ಮೊದಲೆರಡು ದಿನ ನಗು, ಜೋಕು. ಆಮೇಲೆ ಶುರುವಾಯಿತು. ಬೂಟಿನೊಳಗೆ ಜೇಡರ ಬಲೆ ಕಾಣಿಸಿತು. ಮೇಜಿನ ಡ್ರಾಯರ್‌ನಲ್ಲಿ ಬೆಂಕಿ ಹೊತ್ತಿಕೊಂಡಂತೆ ಕಂಡಿತು, ಅದನ್ನು ಡಾಕ್ಟರುಗಳೇ ಹಚ್ಚಿದ್ದಾರೆ ಅಂತ ಗುಮಾನಿ ಬೇರೆ. ಕೊನೆಯ ದಿನಗಳಲ್ಲಿ ಎಚ್ಚರ ಉಳಿಸಲು ಉತ್ತೇಜಕ ಔಷಧವನ್ನೂ ಕೊಟ್ಟಿದ್ದರು. ಕಟ್ಟಕಡೆಯ ದಿನ ಕಪ್ಪು ಕೋಟು ತೊಟ್ಟ ವೈದ್ಯರೊಬ್ಬರು ಪರೀಕ್ಷೆ ಮಾಡೋಕೆ ಬಂದರು. ಟ್ರಿಪ್ ಕಣ್ಣಿಗೆ ಆತ ಶವಸಂಸ್ಕಾರ ಮಾಡುವವನು, ತನ್ನನ್ನು ಜೀವಂತ ಹೂಳೋಕೆ ಬಂದಿದ್ದಾನೆ. ಕಿರುಚಿಕೊಂಡು ಓಡಿದ!

ನನ್ನನ್ನು ಕಾಡೋದು ಇದಲ್ಲ. ಇಷ್ಟೆಲ್ಲ ಆಗುತ್ತಿದ್ದಾಗಲೂ ಕಾರ್ಯಕ್ರಮದ ಹೊತ್ತಿಗೆ ಮೈಕ್ ಮುಂದೆ ಕೂತರೆ ಆತ ಹೆಚ್ಚುಕಡಿಮೆ ಸರಿಯಾಗಿಯೇ ಮಾತಾಡುತ್ತಿದ್ದ. ಕೇಳುಗರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮತ ಎಣಿಕೆಯ ದಿನ ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಕ್ಯಾಮೆರಾ ಮುಂದೆ ನಿಂತವನು ನಾನು. ಕೆಂಪು ದೀಪ ಹೊತ್ತಿದ ಕೂಡಲೇ ಎಲ್ಲಿಂದಲೋ ಚೈತನ್ಯ ಬರುತ್ತೆ, ಅದು ಆರಿದರೆ ಲಿಫ್ಟ್ ಬಟನ್ ಯಾವುದು ಅಂತಲೂ ಹೊಳೆಯೋದಿಲ್ಲ. ಟ್ರಿಪ್ ಕಥೆ ಓದಿದಾಗ ನನಗೆ ಬೆನ್ನಲ್ಲಿ ಚಳಿ ಹುಟ್ಟಿದ್ದು ಅದಕ್ಕೇ.

201 ಗಂಟೆ ಮುಗಿಸಿ ಟ್ರಿಪ್ ಹದಿಮೂರು ಗಂಟೆ ಮಲಗಿ ಎದ್ದ. ಮುಂದೆ ಹಾಡು ಹಾಕಲು ರೆಕಾರ್ಡ್ ಕಂಪನಿಗಳಿಂದ ಲಂಚ ತಗೊಂಡ ಪ್ರಕರಣದಲ್ಲಿ ಸಿಕ್ಕಿಬಿದ್ದು ಶಿಕ್ಷೆಗೊಳಗಾದ, ಬದುಕು ದಿಕ್ಕು ತಪ್ಪಿತು. ನಿದ್ದೆಗೆಟ್ಟಿದ್ದರಿಂದಲೇ ಹೀಗಾಯ್ತು ಅಂತ ಬರೆಯುವವರಿದ್ದಾರೆ. ನಾನು ಒಪ್ಪೋದಿಲ್ಲ. ಲಂಚಕ್ಕೆ ನಿದ್ದೆಗೇಡು ಬೇಕಾಗಿಲ್ಲ, ಚೆನ್ನಾಗಿ ಮಲಗಿ ಎದ್ದವರೇ ತಗೊಳ್ತಾರೆ.

ಇನ್ನು ಐದು ವರ್ಷದಲ್ಲಿ ಒಬ್ಬ ಶಾಲಾಹುಡುಗ ಈ ದಾಖಲೆಯನ್ನೆಲ್ಲ ಮುರಿದ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ. ರ‍್ಯಾಂಡಿ ಗಾರ್ಡ್ನರ್, 17 ವರ್ಷ. ಶಾಲೆಯ ವಿಜ್ಞಾನ ಮೇಳಕ್ಕೆ ಪ್ರಾಜೆಕ್ಟ್ ಬೇಕಿತ್ತು. ನಮ್ಮ ಮಕ್ಕಳು ಥರ್ಮೋಕೋಲಿನಲ್ಲಿ ಜ್ವಾಲಾಮುಖಿ ಮಾಡ್ತಾರಲ್ಲ, ಅಂಥ ಮೇಳವೇ. ಇವನು, ಇವನ ಗೆಳೆಯ ಬ್ರೂಸ್ ಮೆಕ್‌ಅಲಿಸ್ಟರ್ ಸೇರಿ ಯೋಚಿಸಿದರು: ಹೊನೊಲುಲುವಿನ ರೇಡಿಯೋ ನಿರೂಪಕನೊಬ್ಬ 260 ಗಂಟೆ ಎಚ್ಚರ ಇದ್ದ, ನಾವು ಅದನ್ನ ಮುರಿಯೋಣ. ಯಾರು ಎಚ್ಚರ ಇರೋದು, ಯಾರು ಬರೆದುಕೊಳ್ಳೋದು? ನಾಣ್ಯ ಚಿಮ್ಮಿದರು. ಎಚ್ಚರ ಇರುವ ಸರದಿ ರ‍್ಯಾಂಡಿಗೆ ಬಂತು. 1963ರ ಡಿಸೆಂಬರ್ ಕೊನೆಯಲ್ಲಿ ಶುರು. ಬರೆದುಕೊಳ್ಳಬೇಕಾದ ಬ್ರೂಸ್‌ಗೂ ನಿದ್ದೆ ಇಲ್ಲವಾಯಿತು! ಹಾಗಾಗಿ ಇನ್ನೊಬ್ಬ ಗೆಳೆಯನನ್ನು ಕರೆದುಕೊಂಡರು.

ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ನೋಡಿದ ಸ್ಟ್ಯಾನ್‌ಫರ್ಡ್‌ನ ನಿದ್ರಾವಿಜ್ಞಾನಿ ವಿಲಿಯಂ ಡಿಮೆಂಟ್ ತಾವೇ ಹೊರಟು ಬಂದರು. ನೌಕಾಪಡೆಯ ವೈದ್ಯ ಜಾನ್ ರಾಸ್ ದಿನವೂ ತಪಾಸಣೆ ನಡೆಸಿದರು. ಮಾತ್ರೆ, ಔಷಧ ಯಾವುದೂ ಇಲ್ಲ. ಬ್ಯಾಸ್ಕೆಟ್‌ಬಾಲ್ ಆಡಿಸೋದು, ಕಾರಿನಲ್ಲಿ ಸುತ್ತಿಸೋದು, ಜೋರಾಗಿ ಹಾಡು ಹಾಕೋದು. ನಾಲ್ಕನೇ ದಿನ ರಸ್ತೆಬದಿಯ ಫಲಕ ಅವನಿಗೆ ಮನುಷ್ಯನಂತೆ ಕಂಡಿತು. ತಾನೊಬ್ಬ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಅಂತ ಭ್ರಮೆ ಬಂತು. ಹನ್ನೊಂದನೇ ದಿನ ಡಾಕ್ಟರ್ ಒಂದು ಲೆಕ್ಕ ಕೊಟ್ಟರು. ನೂರರಿಂದ ಏಳೇಳು ಕಳೆಯುತ್ತಾ ಹೋಗು. 93, 86, 79, 72, 65... ಅಲ್ಲಿಗೆ ನಿಂತ. ಯಾಕಪ್ಪಾ ನಿಲ್ಲಿಸಿದೆ ಅಂದ್ರೆ, ಏನು ಮಾಡ್ತಿದ್ದೆ ಅಂತಲೇ ಮರೆತುಹೋಯ್ತು ಅಂದ.

264 ಗಂಟೆ. ಹನ್ನೊಂದು ದಿನ. ಪತ್ರಿಕಾಗೋಷ್ಠಿ ನಡೆಸಿ, ಕ್ಯಾಮೆರಾಗಳ ಮುಂದೆ ಸರಿಯಾಗೇ ಮಾತಾಡಿ, ನೌಕಾಪಡೆಯ ಆಸ್ಪತ್ರೆಯಲ್ಲಿ ತಲೆಗೆ ತಂತಿಗಳನ್ನು ಅಂಟಿಸಿಕೊಂಡು ಮಲಗಿದ. ಎಷ್ಟು ಹೊತ್ತು ಮಲಗಿರಬಹುದು? ಮೂರು ದಿನ? ನಾಲ್ಕು ದಿನ? ಹದಿನಾಲ್ಕು ಮುಕ್ಕಾಲು ಗಂಟೆ, ಅಷ್ಟೇ. ಎದ್ದು ಶಾಲೆಗೂ ಹೋದ. ಗಂಟೆಗೆ ಗಂಟೆ ಲೆಕ್ಕ ಹಾಕಿದರೆ ಅವನು ಕಳಕೊಂಡದ್ದು ಎಂಬತ್ತು ಗಂಟೆಗೂ ಮಿಕ್ಕಿದ ನಿದ್ದೆ. ಮೆದುಳು ಆ ಸಾಲವನ್ನ ಪೂರ್ತಿ ವಸೂಲಿ ಮಾಡೋದಿಲ್ಲ, ಗಾಢನಿದ್ದೆ ಮತ್ತು ಕನಸಿನ ನಿದ್ದೆಯ ಬಾಬತ್ತನ್ನ ಮೊದಲು ಕಿತ್ತುಕೊಳ್ಳುತ್ತೆ.

ಇಲ್ಲೇ ಜಗತ್ತು ತಪ್ಪು ಪಾಠ ಕಲಿತದ್ದು. ಕೊನೆಯ ರಾತ್ರಿ ರ‍್ಯಾಂಡಿ ಪಿನ್‌ಬಾಲ್ ಆಟದಲ್ಲಿ ಡಿಮೆಂಟ್ ಅವರನ್ನೇ ಸೋಲಿಸಿದ್ದ. ಅದನ್ನ ಡಿಮೆಂಟ್ ಎಲ್ಲ ಕಡೆ ಹೇಳಿದರು. ಹನ್ನೊಂದು ದಿನ ನಿದ್ದೆ ಬಿಟ್ಟರೂ ಹುಡುಗನಿಗೆ ಏನೂ ಆಗಲಿಲ್ಲ ಅನ್ನೋದೇ ಸುದ್ದಿಯಾಯಿತು. ರಾಸ್ ಅವರ ಟಿಪ್ಪಣಿಯಲ್ಲಿದ್ದ ಮರೆವು, ಸಿಡುಕು, ಭ್ರಮೆ, ಆ 65ಕ್ಕೆ ನಿಂತ ಲೆಕ್ಕ ಯಾರಿಗೂ ಬೇಕಾಗಲಿಲ್ಲ. ದಶಕಗಳ ನಂತರ, 2017ರಲ್ಲಿ ಅಮೆರಿಕದ ರೇಡಿಯೋ ಒಂದಕ್ಕೆ ಮಾತಾಡುತ್ತಾ ಅದೇ ರ‍್ಯಾಂಡಿ ವಯಸ್ಸಾದ ಮೇಲೆ ತನಗೆ ಭಯಂಕರ ನಿದ್ರಾಹೀನತೆ ಅಂಟಿಕೊಂಡಿತ್ತು ಅಂತ ಹೇಳಿಕೊಂಡ. ಹದಿನೇಳರಲ್ಲಿ ಮಾಡಿದ್ದಕ್ಕೇ ಹೀಗಾಯ್ತು ಅನ್ನೋಕೆ ಯಾವ ಪುರಾವೆಯೂ ಇಲ್ಲ. ಆದರೂ ಓದುವಾಗ ಕಸಿವಿಸಿ ಆಗುತ್ತೆ.

1986ರಲ್ಲಿ ಮತ್ತೊಬ್ಬ ಅಮೆರಿಕನ್ 453 ಗಂಟೆ ಮುಟ್ಟಿದ. ಆಮೇಲೆ ಗಿನ್ನೆಸ್‌ನವರು 1997ರಲ್ಲಿ ಈ ವಿಭಾಗವನ್ನೇ ನಿಲ್ಲಿಸಿಬಿಟ್ಟರು, ಜೀವಕ್ಕೆ ಅಪಾಯ ಅಂತ. ಎತ್ತರದ ಆಕಾಶದಿಂದ ಜಿಗಿದವರ ದಾಖಲೆ ಈಗಲೂ ಪುಸ್ತಕದಲ್ಲಿದೆ. ನಿದ್ದೆ ಬಿಟ್ಟವರದ್ದು ಬೇಡವಂತೆ. ಯೋಚನೆ ಮಾಡಿ.

ಅಪಾಯ ಎಷ್ಟು ಅಂತ ವಿಜ್ಞಾನಕ್ಕೆ ಬಹಳ ಹಿಂದೆಯೇ ಸುಳಿವು ಸಿಕ್ಕಿತ್ತು. 1894ರಲ್ಲಿ ರಷ್ಯಾದ ವೈದ್ಯೆ ಮರೀ ಮನಾಸೀನಾ ಹತ್ತು ನಾಯಿಮರಿಗಳನ್ನ ನಿದ್ದೆಗೆಡಿಸಿ ನೋಡಿದಳು. ನಾಲ್ಕೈದು ದಿನದೊಳಗೆ ಎಲ್ಲವೂ ಸತ್ತವು. ಊಟವಿಲ್ಲದೆ ಅದಕ್ಕಿಂತ ಹೆಚ್ಚು ದಿನ ನಾಯಿ ಬದುಕುತ್ತೆ. ಎರಡು ವರ್ಷದ ನಂತರ ಅಮೆರಿಕದ ಅಯೋವಾದಲ್ಲಿ ಮೂವರನ್ನು 90 ಗಂಟೆ ಎಚ್ಚರವಾಗಿಟ್ಟರು. ಅವರಲ್ಲೊಬ್ಬನಿಗೆ ನೆಲದ ತುಂಬ ಜಿಡ್ಡುಜಿಡ್ಡಾದ ಕಣಗಳು ಹರಿದಾಡುತ್ತಿರುವಂತೆ ಕಂಡಿತು. 1980ರ ದಶಕದಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಲನ್ ರೆಕ್ಟ್‌ಶಾಫೆನ್ ಇಲಿಗಳನ್ನು ನೀರಿನ ಮೇಲಿನ ತಟ್ಟೆಯಲ್ಲಿ ಕೂರಿಸಿದರು. ಇಲಿ ತೂಕಡಿಸಿದರೆ ತಟ್ಟೆ ತಿರುಗುತ್ತೆ, ನಡೆಯದಿದ್ದರೆ ನೀರಿಗೆ. ಆ ಇಲಿಗಳು ಮೊದಲಿಗಿಂತ ಹೆಚ್ಚು ತಿನ್ನುತ್ತಿದ್ದವು, ಆದರೂ ಸೊರಗುತ್ತಿದ್ದವು. ಮೈಮೇಲೆ ಹುಣ್ಣು. ಕೊನೆಗೆ ಮೈಬಿಸಿಯನ್ನೇ ಉಳಿಸಿಕೊಳ್ಳಲಾರದಾದವು. ಹನ್ನೊಂದರಿಂದ 32 ದಿನದೊಳಗೆ ಎಲ್ಲವೂ ಸಾವಿನ ಬಾಗಿಲಿಗೆ. ಕೊಯ್ದು ನೋಡಿದರೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗಲಿಲ್ಲ.

ಇದೇ ಶಿಕಾಗೋದಲ್ಲಿ ನೇಥನ್ ಕ್ಲೈಟ್‌ಮನ್ ಅಂತ ಒಬ್ಬ ಪ್ರೊಫೆಸರ್ ಇದ್ದರು. ಕನಸಿನ ನಿದ್ದೆಯಲ್ಲಿ ಕಣ್ಣುಗುಡ್ಡೆ ರೆಪ್ಪೆಯೊಳಗೆ ಓಡಾಡುತ್ತೆ ಅಂತ 1953ರಲ್ಲಿ ಜಗತ್ತಿಗೆ ಹೇಳಿದ ಇಬ್ಬರಲ್ಲಿ ಇವರೊಬ್ಬರು. ಅದಕ್ಕೂ ಮೊದಲು, 1938ರಲ್ಲಿ, ಇವರು ಶಿಷ್ಯ ರಿಚರ್ಡ್‌ಸನ್ ಜೊತೆ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಹೋಗಿ 32 ದಿನ ಕೂತರು. ಬೆಳಕು ಇಲ್ಲ, ಹಗಲು ರಾತ್ರಿ ಇಲ್ಲ. ಇಲಿ ಹುಳ ಹತ್ತಬಾರದು ಅಂತ ಮಂಚದ ಕಾಲುಗಳನ್ನ ಡಬ್ಬಿಗಳಲ್ಲಿ ಇಟ್ಟಿದ್ದರು. ಅಜ್ಜಿ ಇರುವೆ ಹತ್ತದ ಹಾಗೆ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಹಾಗೆ! ದಿನಕ್ಕೆ 24ರ ಬದಲು 28 ಗಂಟೆ ಅಂತ ಮಾಡಿಕೊಂಡರೆ ದೇಹ ಒಗ್ಗುತ್ತಾ ನೋಡೋಣ ಅನ್ನೋದು ಪ್ರಯೋಗ. ಇಪ್ಪತ್ತರ ಹರೆಯದ ಶಿಷ್ಯ ಒಗ್ಗಿಕೊಂಡ. 43ರ ಗುರುಗಳಿಗೆ ಆಗಲಿಲ್ಲ. ನೆಲದಡಿಯ ಕತ್ತಲಲ್ಲೂ ಅವರ ದೇಹಕ್ಕೆ ಶಿಕಾಗೋದ ರಾತ್ರಿ ಹತ್ತು ಗಂಟೆ ಗೊತ್ತಾಗುತ್ತಿತ್ತು.

ಒಳಗೊಂದು ಗಡಿಯಾರ ಇದೆ ಅಂತಾಯ್ತು. ಇದರ ಮೊದಲ ಸುಳಿವು ಕೊಟ್ಟಿದ್ದು ಯಾರು ಗೊತ್ತಾ? ನಮ್ಮ ಮುಟ್ಟಿದರೆ ಮುನಿ! 1729ರಲ್ಲಿ ಫ್ರಾನ್ಸಿನ ದ ಮೆರಾಂ ಅನ್ನೋ ಖಗೋಳಜ್ಞ ಆ ಜಾತಿಯ ಗಿಡವನ್ನು ಕತ್ತಲೆಯೊಳಗಿಟ್ಟ. ಬಿಸಿಲೇ ಇಲ್ಲದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಂಡು ರಾತ್ರಿಯ ಹೊತ್ತಿಗೆ ಮಡಚಿಕೊಂಡವು. ಆ ಗಡಿಯಾರದ ಒಳಗಿನ ಹಲ್ಲುಚಕ್ರಗಳನ್ನು ಹಣ್ಣುನೊಣದಲ್ಲಿ ಪತ್ತೆಹಚ್ಚಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರದ ಪ್ರಕಾರ ಮನುಷ್ಯ ಅತ್ಯಂತ ಮಂಕಾಗಿರೋದು ನಸುಕಿನ ಎರಡರಿಂದ ಆರರ ನಡುವೆ. ಆರು ಕಪ್ ಕಾಫಿ ಕುಡಿದರೂ ಅದರ ಮುಳ್ಳು ಹಿಂದೆ ಹೋಗಲ್ಲ.

ಈಗ ಇತಿಹಾಸದ ಕೆಲವು ಸಮಯಗಳನ್ನ ನೋಡಿ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ, 1979ರ ಮಾರ್ಚ್ 28, ನಸುಕಿನ ನಾಲ್ಕು ಗಂಟೆ. ಚೆರ್ನೋಬಿಲ್, 1986ರ ಏಪ್ರಿಲ್ 26, ರಾತ್ರಿ ಒಂದು ಗಂಟೆ 23 ನಿಮಿಷ. ಎಕ್ಸಾನ್ ವಾಲ್ಡೀಜ್ ತೈಲ ಹಡಗು ಅಲಾಸ್ಕಾದ ಬಂಡೆಗೆ ಬಡಿದದ್ದು 1989ರ ಮಾರ್ಚ್ 24, ಮಧ್ಯರಾತ್ರಿ ಕಳೆದು ಕೆಲವೇ ನಿಮಿಷ. ಎಲ್ಲದಕ್ಕೂ ನಿದ್ದೆಯೇ ಕಾರಣ ಅಂತ ಹೇಳ್ತಿಲ್ಲ, ಯಂತ್ರ, ವಿನ್ಯಾಸ, ಉಡಾಫೆ ಎಲ್ಲ ಸೇರಿಕೊಂಡಿದ್ದವು. ಆದರೆ ಹಡಗಿನ ಪ್ರಕರಣದಲ್ಲಿ ತನಿಖೆ ನಡೆಸಿದ ಸಂಸ್ಥೆ, ಚುಕ್ಕಾಣಿಯ ಹೊಣೆ ಹೊತ್ತಿದ್ದ ಅಧಿಕಾರಿಯ ಬಳಲಿಕೆಯನ್ನು ಕಾರಣಗಳ ಪಟ್ಟಿಯಲ್ಲೇ ಬರೆಯಿತು. ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬ್ಬಿ ಜಯಾನ್ ಅನ್ನೋ 18ರ ಹುಡುಗಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಒಟ್ಟಿಗೆ ಕೊಡಬಾರದ ಎರಡು ಔಷಧ ಅವಳ ಮೈ ಸೇರಿದ್ದವು. ನೋಡಿಕೊಳ್ಳುತ್ತಿದ್ದವರು 36 ಗಂಟೆಯ ಪಾಳಿ ಮಾಡುವ ಕಿರಿಯ ವೈದ್ಯರು. ಅವಳ ಅಪ್ಪ ಪತ್ರಕರ್ತ. ಬಿಡಲಿಲ್ಲ. 1989ರಲ್ಲಿ ಆ ರಾಜ್ಯ ನಿಯಮ ತಂದಿತು: ತರಬೇತಿ ವೈದ್ಯರಿಗೆ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಕಡಿಮೆ ಮಾಡಿದ ಮೇಲೂ 80! ಮೊದಲು ಎಷ್ಟಿತ್ತು ಅಂತ ನೀವೇ ಊಹಿಸಿ.

ಮಂಗಳೂರಿಗೆ ಬರೋಣ. ಆ ಕ್ಯಾಪ್ಟನ್ ಅನುಭವಿ. ಹಾಗಾದರೆ ಅಷ್ಟು ಹೊತ್ತು ನಿದ್ದೆ ಮಾಡಿದವನು ತಾಜಾ ಇರಬೇಕಿತ್ತಲ್ವಾ? ನನ್ನ ಪ್ರಶ್ನೆಯೂ ಅದೇ ಆಗಿತ್ತು. ಉತ್ತರಕ್ಕೆ ವಿಜ್ಞಾನದಲ್ಲಿ ‘ಸ್ಲೀಪ್ ಇನರ್ಷಿಯಾ’ ಅಂತಾರೆ. ನಿದ್ದೆಯ ಜಡತ್ವ ಅನ್ನೋಣ. ಗಾಢನಿದ್ದೆಯಿಂದ ಎದ್ದ ಮೇಲೆ ಕಣ್ಣು ತೆರೆದಿರುತ್ತೆ, ಬಾಯಿ ಮಾತಾಡುತ್ತೆ, ಕೈ ಕೆಲಸ ಮಾಡುತ್ತೆ. ತೀರ್ಮಾನ ತಗೊಳ್ಳೋ ಮೆದುಳು ಮಾತ್ರ ಇನ್ನೂ ಹಾಸಿಗೆಯಲ್ಲೇ ಇರುತ್ತೆ. ನಸುಕಿನ ಹೊತ್ತಾದರೆ ಇನ್ನೂ ಹೆಚ್ಚು. ವಿಮಾನ ಇರಬೇಕಾದ್ದಕ್ಕಿಂತ ಮೇಲಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಅಂತ ಮೂರು ಸಲ ಎಚ್ಚರಿಸಿದರು. ಮೂರು ಸಲ! ಯಂತ್ರವೂ ಕೂಗುತ್ತಿತ್ತು. ಚಕ್ರ ನೆಲ ಮುಟ್ಟಿದಾಗ 2,450 ಮೀಟರ್ ರನ್‌ವೇಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದೆ ಉಳಿದಿತ್ತು. ತಪ್ಪು ಹಾದಿಯಲ್ಲಿದ್ದ ಇಳಿಕೆಯನ್ನು ಕೈಬಿಡದಿದ್ದದ್ದೇ ನೇರ ಕಾರಣ ಅಂತ ವರದಿ ಹೇಳಿತು. ದೀರ್ಘ ನಿದ್ದೆಯಿಂದ ಎದ್ದ ಜಡತ್ವ ಅವರ ವಿವೇಚನೆಯನ್ನು ಕುಂದಿಸಿರಬಹುದು ಅಂತಲೂ ಬರೆಯಿತು.

ಬೆಳಕು ಹರಿಯುವ ಮುಂಚೆ ಬಂದಿಳಿಯುವ ಗಲ್ಫ್ ವಿಮಾನಕ್ಕೆ ಕಾಯುತ್ತಾ ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳವರು ರಾತ್ರಿಯೆಲ್ಲ ಎಚ್ಚರ ಇರುತ್ತಾರೆ. ಆ ದಿನವೂ ಇದ್ದರು.

ನಿಯಮ ಇಲ್ಲವಾ? ಇದೆ. 2024ರ ಜನವರಿಯಲ್ಲಿ ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿ ಇಳಿಕೆಗಳಿಗೆ ಕಡಿವಾಣ ಹಾಕಿತು. ಪೂರ್ತಿಯಾಗಿ ಜಾರಿಗೆ ಬರುವ ಹೊತ್ತಿಗೆ 2025 ಮುಗಿಯುತ್ತಾ ಬಂದಿತ್ತು. ಡಿಸೆಂಬರ್‌ನಲ್ಲಿ ಒಂದು ದೊಡ್ಡ ಕಂಪನಿಗೆ ಪೈಲಟ್‌ಗಳು ಸಾಲದೆ ಸಾವಿರಾರು ಹಾರಾಟ ರದ್ದಾಗಿ, ಜನ ನಿಲ್ದಾಣದ ನೆಲದ ಮೇಲೆ ಮಲಗಿದರು. ಪೈಲಟ್ ನಿದ್ದೆಗೆ ಪ್ರಯಾಣಿಕರ ನಿದ್ದೆ ಹೋಯಿತು! ಸರ್ಕಾರ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸಿತು. ಪೈಲಟ್‌ಗಾದರೂ ಇಷ್ಟು ಕಾನೂನು ಇದೆ. ಲಾರಿ, ಬಸ್ಸು ಓಡಿಸೋರಿಗೆ? 1961ರಲ್ಲೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಈ ದೇಶ ಕಾಯ್ದೆ ಬರೆದುಕೊಂಡಿತ್ತು. 2012ರಲ್ಲಿ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿದ್ದೆಯೂ ಸಂವಿಧಾನದ 21ನೇ ವಿಧಿಯ ಹಕ್ಕು ಅಂತ ಹೇಳಿತು. ಯಾವ ಹೆದ್ದಾರಿಯ ಢಾಬಾದಲ್ಲಾದರೂ ನಿಲ್ಲಿಸಿ ಡ್ರೈವರ್ ಒಬ್ಬರನ್ನ ಈ ಬಗ್ಗೆ ಕೇಳಿ ನೋಡಿ.

ಕೇಳಬೇಕಾದವನು ನಾನೇ ಒಮ್ಮೆ ಕೇಳಲಿಲ್ಲ. ಬೆಳಗಾವಿ ಅಧಿವೇಶನ ಮುಗಿಸಿ ರಾತ್ರಿ ಹೊರಟಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕಾರ್ಯಕ್ರಮ. ‘ಅಣ್ಣಾ, ಏಳೂವರೆಗೆ ಬೆಂಗಳೂರು ಮುಟ್ಟಬೇಕು’ ಅಂದವನು ನಾನು. ಆತ ಬೆಳಿಗ್ಗೆ ಐದಕ್ಕೆ ಎದ್ದು ದಿನವಿಡೀ ನಮ್ಮನ್ನೇ ಸುತ್ತಿಸಿದ್ದರು. ನಾನು ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟೆ. ಚಿತ್ರದುರ್ಗ ದಾಟಿ ಹಿರಿಯೂರು ಹತ್ತಿರ, ಮೂರೂವರೆ ಇರಬೇಕು, ಕ್ಯಾಮೆರಾಮನ್ ಕಿರುಚಿದ್ದಕ್ಕೆ ಎಚ್ಚರವಾಯಿತು. ಕಾರು ರಸ್ತೆ ಬಿಟ್ಟು ಮಣ್ಣಿನಲ್ಲಿ ನಿಂತಿತ್ತು. ನಿಂತಿದ್ದ ಈರುಳ್ಳಿ ಲಾರಿಯ ಹಿಂಬದಿ ನಮ್ಮ ಗಾಜಿನಿಂದ ಒಂದು ಮಾರು ದೂರ.

‘ಇಲ್ಲ ಸಾರ್, ನಿದ್ದೆ ಮಾಡ್ಲಿಲ್ಲ, ಎಚ್ಚರಾನೇ ಇದ್ದೆ’ ಅಂದರು ಅವರು. ಸುಳ್ಳು ಹೇಳುತ್ತಿರಲಿಲ್ಲ. ಮೂರು ನಾಲ್ಕು ಸೆಕೆಂಡಿನ ಇಂಥ ಜೋಂಪು ಬಂದವರಿಗೇ ಗೊತ್ತಾಗೋದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಅಂದ್ರೆ 110 ಮೀಟರ್ ಮೇಲಾಯಿತು. 24 ಗಂಟೆ ಎಚ್ಚರ ಇದ್ದವರ ಕೈಚಳಕವನ್ನ 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಳೆದಿದ್ದರು. ರಕ್ತದಲ್ಲಿ 0.10 ಶೇಕಡ ಮದ್ಯ ಇದ್ದವರಷ್ಟು ಕುಸಿದಿತ್ತು. ನಮ್ಮಲ್ಲಿ ಪೊಲೀಸರು 0.03ಕ್ಕೇ ಹಿಡಿಯುತ್ತಾರೆ. ಆ ರಾತ್ರಿ ಮೂರು ಕಡೆ ನಮ್ಮ ಗಾಡಿ ತಡೆದು ಊದಿಸಿದ್ದರು. ಮೂರೂ ಕಡೆ ಪಾಸ್.

ಹಿರಿಯೂರಿನ ಹೋಟೆಲೊಂದರ ಮುಂದೆ ಗಾಡಿ ಹಾಕಿಸಿದೆವು. ಸೀಟು ಹಿಂದಕ್ಕೆ ಚಾಚಿ ಅವರು ಎರಡೂವರೆ ಗಂಟೆ ಮಲಗಿದರು. ಒಂಬತ್ತರ ಕಾರ್ಯಕ್ರಮ ಸಹೋದ್ಯೋಗಿ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಎದ್ದವರೇ ಸೀದಾ ಕೀಲಿ ತಿರುಗಿಸಲು ಹೋದರು. ನಾನು ಬೇಡ ಅಂದೆ. ಕೆಳಗಿಳಿಸಿ, ಮುಖ ತೊಳೆಸಿ, ಇಡ್ಲಿ ತಿಂದು, ಕಾಫಿ ಕುಡಿದು, ಅರ್ಧ ಗಂಟೆ ಅಲ್ಲೇ ಅಡ್ಡಾಡಿ ಆಮೇಲೆ ಹೊರಟೆವು. ಯಾಕೆ ಸಾರ್ ಇಷ್ಟು ಲೇಟು ಮಾಡ್ತಿದೀರಾ ಅಂತ ಅವರು ಕೇಳಿದರು. ದಾರಿಯುದ್ದಕ್ಕೂ ಅವರಿಗೆ ಮಂಗಳೂರಿನ ಆ ವಿಮಾನದ ಕಥೆ ಹೇಳಿದೆ.